ತಾಂಡಾದ ಶಾಲೆಗೆ ದೂರದ ತರಬೇತಿ: ಮೌಲ್ಯಮಾಪನವನ್ನು ಕುರಿತ ಒಂದು ವಿಮರ್ಶೆ
(ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಪರಿಸರವನ್ನು ಅನುಲಕ್ಷಿಸಿ)

೧. ಪೀಠಿಕೆ

ಬಾಗಲಕೋಟೆ ಪರಿಸರದ ಶಿಕ್ಷಣ ಚರಿತ್ರೆಯ ಪ್ರಸ್ತಾಪ ಬಂದಾಗ ಮುಂಬಯಿ ಪ್ರಾಂತದ ಕಾಲದ ಕನ್ನಡ ಶಾಲೆಗಳು, ಮಠಗಳ ಪ್ರಸಾದನಿಲಯಗಳು, ೧೯೦೬ರಲ್ಲಿ ಸ್ಥಾಪನೆಯಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಮೊದಲಾದವು ಸಹಜವಾಗಿ ನೆನಪಿಗೆ ಬರುತ್ತವೆ. ಆದರೆ ಈ ನೆಲಕ್ಕೆ ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಚರಿತ್ರೆಯೂ ಇದೆ. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ದೇಶದ ಆರು ರಾಜ್ಯಗಳಲ್ಲಿ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗಕ್ಕೆ (ಸೈಟ್) ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆಗಳು ಮೂರು: ಗುಲಬರ್ಗಾ, ರಾಯಚೂರು ಮತ್ತು ವಿಜಾಪುರ. ಬಾಗಲಕೋಟೆ, ಬಾದಾಮಿ, ಹುನಗುಂದ ತಾಲ್ಲೂಕುಗಳು ಆಗ ವಿಜಾಪುರ ಜಿಲ್ಲೆಯಲ್ಲಿದ್ದವು. ಇಳಕಲ್ಲ ಹುನಗುಂದ ತಾಲ್ಲೂಕಿನ ಪಟ್ಟಣವಾಗಿತ್ತು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು ೧೯೯೭ರಲ್ಲಿ. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು ೧೯೮೧ರಲ್ಲಿ ಎಂಬುದನ್ನು ನೆನೆದರೆ, ರಾಜಧಾನಿಗೆ ಆರು ವರ್ಷ ಮೊದಲೇ ಈ ಜಿಲ್ಲೆಯ ಆಯ್ದ ಹಳ್ಳಿಗಳಿಗೆ ಆಕಾಶದಿಂದ ಪಾಠ ಇಳಿದಿತ್ತೆಂಬುದು ಸ್ಪಷ್ಟವಾಗುತ್ತದೆ.

ಅಂದಿನಿಂದ ಇಂದಿನ ಮೊಬೈಲ್ ತರಬೇತಿಯವರೆಗೆ ಸುಮಾರು ಐದು ದಶಕಗಳು ಸಂದಿವೆ. ಈ ಅವಧಿಯಲ್ಲಿ ಯಂತ್ರಗಳು ಬದಲಾದವು, ಪಠ್ಯಕ್ರಮ ಬದಲಾಯಿತು, ಶಿಕ್ಷಕರ ಪೀಳಿಗೆಗಳೂ ಬದಲಾದವು. ಆದರೆ ತರಬೇತಿಯನ್ನು ಅಳೆಯುವ ಕ್ರಮ ಬೆಳೆಯಿತೇ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡಿದ್ದು ಕಡಿಮೆ. ಪ್ರಸ್ತುತ ಲೇಖನದಲ್ಲಿ ಆ ಪ್ರಶ್ನೆಯನ್ನು ಒಂದು ನಿರ್ದಿಷ್ಟ ನೆಲೆಯಲ್ಲಿ, ಅಂದರೆ ಲಂಬಾಣಿ ತಾಂಡಾಗಳಲ್ಲಿ ಮತ್ತು ತಾಂಡಾದ ಮಕ್ಕಳು ಬರುವ ಶಾಲೆಗಳಲ್ಲಿ ಕೆಲಸ ಮಾಡುವ ಶಿಕ್ಷಣ ಕಾರ್ಯಕರ್ತರ ನೆಲೆಯಲ್ಲಿ, ಪರಿಶೀಲಿಸಲು ಯತ್ನಿಸಲಾಗಿದೆ.

೨. ಶಿಕ್ಷಣ ಕಾರ್ಯಕರ್ತರು ಯಾರು?

ಆಸ್ಟ್ರೇಲಿಯಾದ ಶಾಲೆಗಳಲ್ಲಿ ಮೂಲನಿವಾಸಿ ಶಿಕ್ಷಣ ಕಾರ್ಯಕರ್ತರೆಂಬ ಒಂದು ವರ್ಗವಿದೆ. ಆಯಾ ಪ್ರಾಂತಗಳಲ್ಲಿ ಅವರ ಹುದ್ದೆಯ ಹೆಸರು ಬೇರೆ ಬೇರೆಯಾದರೂ ಕೆಲಸದ ತಿರುಳು ಒಂದೇ. ಸಮುದಾಯದೊಳಗಿನಿಂದಲೇ ಬಂದ ಇವರು ಮನೆಯ ಭಾಷೆಗೂ ಶಾಲೆಯ ಭಾಷೆಗೂ, ಹಿರಿಯರ ನಡಾವಳಿಗೂ ಶಾಲೆಯ ನಿಯಮಕ್ಕೂ ನಡುವೆ ನಿಂತು ಮಗುವನ್ನು ತರಗತಿಯಲ್ಲಿ ಉಳಿಸಿಕೊಳ್ಳುತ್ತಾರೆ. ನಮ್ಮಲ್ಲಿ ಇಂಥ ಹೆಸರಿನ ಹುದ್ದೆ ಇಲ್ಲ. ಆದರೆ ಈ ಕೆಲಸವನ್ನು ಮಾಡುವವರು ಇದ್ದಾರೆ. ಅಂಗನವಾಡಿ ಕಾರ್ಯಕರ್ತೆ ಮತ್ತು ಸಹಾಯಕಿ, ಅತಿಥಿ ಶಿಕ್ಷಕರು, ದುಡಿಯಲು ಗುಳೆ ಹೋದವರ ಮಕ್ಕಳಿಗಾಗಿ ನಡೆಯುವ ಋತುಮಾನ ವಸತಿ ಕೇಂದ್ರಗಳ ಮೇಲ್ವಿಚಾರಕರು, ಏಕೋಪಾಧ್ಯಾಯ ಶಾಲೆಯ ಶಿಕ್ಷಕರು ಇವರೆಲ್ಲರೂ ಒಂದಿಲ್ಲೊಂದು ಪ್ರಮಾಣದಲ್ಲಿ ಈ ನಡುವಣ ಸ್ಥಾನದಲ್ಲಿದ್ದಾರೆ.

ಲಂಬಾಣಿಗರನ್ನು ಮೂಲನಿವಾಸಿಗಳೊಂದಿಗೆ ಹೋಲಿಸುವುದು ಪೂರ್ಣವಾಗಿ ಸರಿಯಲ್ಲ. ಅವರು ಒಂದು ಕಾಲದಲ್ಲಿ ದವಸ, ಉಪ್ಪು ಹೇರಿಕೊಂಡು ದೇಶ ಸಂಚರಿಸುತ್ತಿದ್ದ ವ್ಯಾಪಾರಿ ಸಮುದಾಯ. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದರೆ ನೆರೆಯ ಆಂಧ್ರ ಮತ್ತು ತೆಲಂಗಾಣಗಳಲ್ಲಿ ಪರಿಶಿಷ್ಟ ಪಂಗಡದವರು. ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿಗಳಲ್ಲಿ ಒಬ್ಬರು. ಆದರೂ ಶಾಲೆಯ ಬಾಗಿಲಲ್ಲಿ ನಿಂತ ಮಗುವಿನ ಸ್ಥಿತಿಯಲ್ಲಿ ಎರಡು ಕಡೆಗೂ ಸಾಮ್ಯವಿದೆ. ಊರಿನಿಂದ ಹೊರಗಿರುವ ವಸತಿ, ವರ್ಷದ ಕೆಲವು ತಿಂಗಳು ಕಬ್ಬಿನ ಗಾಣಕ್ಕೋ ಗೋವಾ, ಮಂಗಳೂರುಗಳ ಕಟ್ಟಡದ ಕೆಲಸಕ್ಕೋ ಹೋಗುವ ತಂದೆತಾಯಿ, ಶಾಲೆಯಲ್ಲಿ ಕೇಳಿಸದ ಮನೆಮಾತು ಇವು ಆ ಸಾಮ್ಯದ ಮುಖ್ಯ ಅಂಶಗಳು.

ಇವುಗಳಲ್ಲಿ ಭಾಷೆಯ ಅಂಶವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಗೋರಬೋಲಿ ಇಂಡೋ-ಆರ್ಯನ್ ವರ್ಗದ ಭಾಷೆ. ಕನ್ನಡ ದ್ರಾವಿಡ ಭಾಷೆ. ತಾಯಿಯನ್ನು ‘ಯಾಡಿ’ ಎಂದೂ, ನೀರನ್ನು ‘ಪಾಣಿ’ ಎಂದೂ, ರೊಟ್ಟಿಯನ್ನು ‘ಬಾಟಿ’ ಎಂದೂ ಕರೆಯುವ ಮಗು ಒಂದನೆಯ ತರಗತಿಗೆ ಬಂದಾಗ ಅದು ಕಲಿಯಬೇಕಾದದ್ದು ಹೊಸ ಪದಗಳನ್ನಷ್ಟೇ ಅಲ್ಲ. ಮನೆಮಾತಿನಲ್ಲಿ ವ್ಯಾಕರಣ ಲಿಂಗ ಎರಡೇ. ಕನ್ನಡದಲ್ಲಿ ‘ಅವನು, ಅವಳು, ಅದು’ ಎಂಬ ಮೂರು ಭೇದಗಳಿಗೆ ತಕ್ಕಂತೆ ಕ್ರಿಯಾಪದದ ರೂಪವೂ ಬದಲಾಗಬೇಕು. ಇದರ ಮೇಲೆ ಮತ್ತೊಂದು ಪದರವಿದೆ. ಬಾದಾಮಿ ಅಥವಾ ಹುನಗುಂದದ ಸಂತೆಯಲ್ಲಿ ಮಗು ಕೇಳಿದ ಕನ್ನಡ ‘ಐತಿ, ಬ್ಯಾಡ, ಮಾಡಾಕತ್ತೀನಿ’ ಎಂಬ ಕನ್ನಡ. ಪಠ್ಯಪುಸ್ತಕದಲ್ಲಿರುವುದು ‘ಇದೆ, ಬೇಡ, ಮಾಡುತ್ತಿದ್ದೇನೆ’ ಎಂಬ ಕನ್ನಡ. ಹೀಗೆ ಮಗು ಒಂದು ಮೆಟ್ಟಿಲನ್ನಲ್ಲ, ಎರಡು ಮೆಟ್ಟಿಲುಗಳನ್ನು ಏರಬೇಕಾಗುತ್ತದೆ. ಶಿಕ್ಷಕರಿಗೆ ಇದರ ಅರಿವಿಲ್ಲದಿದ್ದರೆ ಮಗುವಿನ ಮೌನವು ದಡ್ಡತನವಾಗಿ ಕಾಣುತ್ತದೆ. ತಾಂಡಾದ ಶಿಕ್ಷಣ ಕಾರ್ಯಕರ್ತರಿಗೆ ಬೇಕಾದ ತರಬೇತಿಯ ಮೊದಲ ಪಾಠ ಇದೇ ಆಗಬೇಕು.

೩. ಉಪಗ್ರಹದಿಂದ ಮೊಬೈಲಿನವರೆಗೆ

ಸೈಟ್ ಪ್ರಯೋಗದಲ್ಲಿ ಅಮೆರಿಕದ ಎ.ಟಿ.ಎಸ್.-೬ ಉಪಗ್ರಹದ ನೆರವಿನಿಂದ ಸುಮಾರು ೨,೪೦೦ ಹಳ್ಳಿಗಳಿಗೆ ಹಿಂದಿ, ಒರಿಯಾ, ತೆಲುಗು, ಕನ್ನಡ ಎಂಬ ನಾಲ್ಕು ಭಾಷೆಗಳಲ್ಲಿ ಕಾರ್ಯಕ್ರಮಗಳು ಪ್ರಸಾರವಾದವು. ಬೆಳಗಿನ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ ಮೀಸಲು. ಅದು ನಾಲ್ಕು ಭಾಷೆಗಳಿಗೆ ಹಂಚಿಹೋಗಿ ಒಂದೊಂದಕ್ಕೆ ದೊರೆತದ್ದು ಇಪ್ಪತ್ತೆರಡೂವರೆ ನಿಮಿಷ. ರಜೆಯ ದಿನಗಳಲ್ಲಿ ಇದೇ ವ್ಯವಸ್ಥೆಯನ್ನು ಪ್ರಾಥಮಿಕ ಶಿಕ್ಷಕರ ವಿಜ್ಞಾನ ತರಬೇತಿಗೆ ಬಳಸಲಾಯಿತು. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು (ಎನ್.ಸಿ.ಇ.ಆರ್.ಟಿ.) ರೂಪಿಸಿದ ಹನ್ನೆರಡು ದಿನಗಳ ಆ ತರಬೇತಿಯಲ್ಲಿ ದೂರದರ್ಶನದ ಜೊತೆಗೆ ರೇಡಿಯೋ ಪಾಠ, ಮುದ್ರಿತ ಕೈಪಿಡಿ, ಕೈಯಿಂದ ಮಾಡಿ ನೋಡುವ ಚಟುವಟಿಕೆ ಇವೆಲ್ಲ ಸೇರಿದ್ದವು. ಎರಡು ಸುತ್ತುಗಳಲ್ಲಿ ಆರು ರಾಜ್ಯಗಳ ಸುಮಾರು ೫೦,೦೦೦ ಶಿಕ್ಷಕರು ಇದರ ಪ್ರಯೋಜನ ಪಡೆದರು. ಇಲ್ಲಿ ಮರೆಯಬಾರದ ಒಂದು ಸಂಗತಿಯೆಂದರೆ, ಅಂಗನವಾಡಿಗಳನ್ನು ಹುಟ್ಟುಹಾಕಿದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದದ್ದೂ ಅದೇ ವರ್ಷ, ೧೯೭೫ರ ಅಕ್ಟೋಬರ್ ೨ರಂದು.

ಎರಡನೆಯ ಘಟ್ಟ ೧೯೯೬ರದು. ಆ ವರ್ಷದ ಜನವರಿಯಲ್ಲಿ ಕರ್ನಾಟಕದ ೨೦ ಕೇಂದ್ರಗಳಲ್ಲಿ ಸುಮಾರು ೮೫೦ ಪ್ರಾಥಮಿಕ ಶಿಕ್ಷಕರಿಗೆ ಏಳು ದಿನಗಳ ತರಬೇತಿಯನ್ನು ಉಪಗ್ರಹದ ಮೂಲಕ ನೀಡಲಾಯಿತು. ಚಿತ್ರ ಒಂದೇ ಕಡೆಯಿಂದ, ಧ್ವನಿ ಎರಡೂ ಕಡೆಯಿಂದ ಎಂಬುದು ಅದರ ಹೊಸತನ. ಶಿಕ್ಷಕರು ತಮ್ಮ ಕೇಂದ್ರದಿಂದ ಫೋನ್ ಮೂಲಕ ಪ್ರಶ್ನೆ ಕೇಳಿದರೆ ತಜ್ಞರು ಪರದೆಯ ಮೇಲೆ ಉತ್ತರಿಸುತ್ತಿದ್ದರು. ಅದೇ ವರ್ಷ ಮಧ್ಯಪ್ರದೇಶದ ಆದಿವಾಸಿ ಜಿಲ್ಲೆಯಾದ ಝಾಬುವಾದಲ್ಲಿ ಇಸ್ರೋ ತನ್ನ ಅಭಿವೃದ್ಧಿ ಸಂವಹನ ಯೋಜನೆಯನ್ನು ಕೈಗೊಂಡಿತು. ೨೦೦೪ರ ಸೆಪ್ಟೆಂಬರ್ ೨೦ರಂದು ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹ ಕಕ್ಷೆ ಸೇರಿದ ಮೇಲೆ, ಸೋಲಿಗರ ಪೋಡುಗಳಿರುವ ಚಾಮರಾಜನಗರ ಜಿಲ್ಲೆಯ ಎಂಟು ನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳು ಪ್ರಾಯೋಗಿಕವಾಗಿ ಅದರ ಜಾಲಕ್ಕೆ ಸೇರಿದವು. ಆ ಉಪಗ್ರಹದ ಸೇವೆ ೨೦೧೦ಕ್ಕೆ ಕೊನೆಗೊಂಡಿತು.

ಮೂರನೆಯ ಘಟ್ಟ ಮೊಬೈಲಿನದು. ೨೦೧೭ರಲ್ಲಿ ದೀಕ್ಷಾ ವೇದಿಕೆ ಬಂದಿತು. ೨೦೧೯ರಲ್ಲಿ ಮುಖಾಮುಖಿಯಾಗಿ ಆರಂಭವಾದ ನಿಷ್ಠಾ ತರಬೇತಿಯು ಕೋವಿಡ್ ಕಾರಣದಿಂದ ೨೦೨೦ರಲ್ಲಿ ಅದೇ ವೇದಿಕೆಗೆ ವರ್ಗವಾಗಿ, ಪ್ರಾಥಮಿಕ ಹಂತದ ಶಿಕ್ಷಕರಿಗೆ ೧೮ ಘಟಕಗಳ ಪಾಠವಾಯಿತು. ೨೦೨೧ರಲ್ಲಿ ಅಂಗನವಾಡಿ ಕಾರ್ಯಕರ್ತೆಯರ ಕೈಗೆ ಪೋಷಣ್ ಟ್ರ್ಯಾಕರ್ ಬಂದಿತು. ೨೦೨೩ರಲ್ಲಿ ಅವರ ಶಾಲಾಪೂರ್ವ ಶಿಕ್ಷಣದ ತರಬೇತಿಗಾಗಿ ‘ಪೋಷಣ್ ಭೀ ಪಢಾಯೀ ಭೀ’ ಕಾರ್ಯಕ್ರಮ ಪ್ರಾರಂಭವಾಯಿತು.

೪. ಅಳತೆಗೋಲಿನ ಪ್ರಶ್ನೆ

ಈ ಎಲ್ಲ ಯತ್ನಗಳ ಹಿಂದೆ ಒಂದು ನ್ಯಾಯವಾದ ಕಾರಣವಿತ್ತೆಂಬುದನ್ನು ಮೊದಲು ಒಪ್ಪಬೇಕು. ನಮ್ಮ ರೂಢಿಯ ತರಬೇತಿ ಮೇಲಿನಿಂದ ಕೆಳಕ್ಕೆ ಹಂತಹಂತವಾಗಿ ಇಳಿಯುವಂಥದು. ರಾಜ್ಯಮಟ್ಟದಲ್ಲಿ ಕಲಿತವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ, ಅವರು ಕ್ಲಸ್ಟರಿನವರಿಗೆ ಹೇಳುತ್ತ ಹೋದಂತೆ ವಿಷಯ ತೆಳುವಾಗುತ್ತದೆ. ತಜ್ಞರ ಮಾತನ್ನು ನೇರವಾಗಿ ಕೊನೆಯ ಶಾಲೆಗೆ ಮುಟ್ಟಿಸಿದರೆ ಈ ನಷ್ಟ ತಪ್ಪುತ್ತದೆ. ಇದಲ್ಲದೆ, ಒಬ್ಬರೇ ಶಿಕ್ಷಕರಿರುವ ಶಾಲೆಯಿಂದ ಅವರನ್ನು ಹತ್ತು ದಿನ ತರಬೇತಿಗೆ ಕರೆದರೆ ಆ ಹತ್ತು ದಿನ ಪಾಠ ಸೊರಗುತ್ತದೆ. ತಂತ್ರಜ್ಞಾನದ ಪರವಾದ ಈ ಎರಡು ವಾದಗಳು ಇಂದಿಗೂ ಗಟ್ಟಿಯಾಗಿವೆ.

ತೊಡಕು ಇರುವುದು ಫಲವನ್ನು ಅಳೆಯುವಲ್ಲಿ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ೧೯೫೯ರಲ್ಲಿ ಮಂಡಿಸಿದ, ಈಗಲೂ ಬಳಕೆಯಲ್ಲಿರುವ ವಿಂಗಡಣೆಯಂತೆ ತರಬೇತಿಯ ಮೌಲ್ಯಮಾಪನಕ್ಕೆ ನಾಲ್ಕು ನೆಲೆಗಳಿವೆ: ತರಬೇತಿ ಪಡೆದವರಿಗೆ ಅದು ಹಿಡಿಸಿತೇ, ಅವರು ಏನನ್ನು ಕಲಿತರು, ಕೆಲಸದ ಸ್ಥಳದಲ್ಲಿ ಅವರ ನಡೆ ಬದಲಾಯಿತೇ, ಅದರಿಂದ ಅಂತಿಮ ಫಲ ದೊರೆಯಿತೇ. ಮೊದಲ ಎರಡನ್ನು ತರಬೇತಿಯ ಕೊನೆಯ ದಿನ ಒಂದು ನಮೂನೆ ತುಂಬಿಸಿ ತಿಳಿಯಬಹುದು. ಉಳಿದೆರಡಕ್ಕೆ ಶಾಲೆಗೆ ಹೋಗಿ ಕುಳಿತುಕೊಳ್ಳಬೇಕು. ನಮ್ಮ ಮೌಲ್ಯಮಾಪನಗಳು ಹೆಚ್ಚಾಗಿ ಮೊದಲ ಎರಡರಲ್ಲೇ ನಿಲ್ಲುತ್ತವೆ.

೧೯೯೬ರ ಪ್ರಯೋಗವನ್ನೇ ಉದಾಹರಣೆಯಾಗಿ ನೋಡಬಹುದು. ಪ್ರಶ್ನೆ ಕೇಳುವ ಅವಕಾಶವೇ ಅದರ ಹೆಗ್ಗಳಿಕೆ. ಆದರೆ ಲೆಕ್ಕ ಹಾಕಿದರೆ ಅದರ ಮಿತಿ ತಿಳಿಯುತ್ತದೆ. ಒಂದು ಪ್ರಶ್ನೆಗೂ ಅದರ ಉತ್ತರಕ್ಕೂ ಮೂರು ನಿಮಿಷವೆಂದು ಹಿಡಿದರೆ, ಒಂದು ಗಂಟೆಯಲ್ಲಿ ಇಪ್ಪತ್ತು ಪ್ರಶ್ನೆಗಳು, ಅಂದರೆ ಕೇಂದ್ರಕ್ಕೊಂದು. ಪ್ರತಿ ಕೇಂದ್ರದಲ್ಲಿ ನಲವತ್ತಕ್ಕೂ ಹೆಚ್ಚು ಶಿಕ್ಷಕರಿದ್ದರೆಂಬುದನ್ನು ನೆನೆದರೆ, ಆ ಒಂದು ಪ್ರಶ್ನೆ ಯಾರದಾಗಿರುತ್ತದೆ? ಎಲ್ಲರಿಗೂ ಸಾಮಾನ್ಯವಾದ ಪ್ರಶ್ನೆಗೆ ಸಹಜವಾಗಿಯೇ ಮೊದಲ ಮನ್ನಣೆ. ‘ನನ್ನ ತರಗತಿಯ ಅರ್ಧ ಮಕ್ಕಳಿಗೆ ನಾನಾಡುವ ಮಾತು ತಿಳಿಯುವುದಿಲ್ಲ’ ಎಂಬ ಶಿಕ್ಷಕಿಯ ಪ್ರಶ್ನೆಗೆ ಸರದಿ ಬರುವುದು ಕಷ್ಟ. ಇದು ಯಾರ ಉದಾಸೀನದಿಂದಲೂ ಆದದ್ದಲ್ಲ. ವ್ಯವಸ್ಥೆಯ ರಚನೆಯೇ ಹಾಗಿದೆ. ಎಷ್ಟು ಕೇಂದ್ರಗಳು ಮಾತಾಡಿದವು ಎಂದು ಎಣಿಸುವ ಮೌಲ್ಯಮಾಪನಕ್ಕೆ ಕೇಳದೆ ಉಳಿದ ಪ್ರಶ್ನೆಗಳು ಕಾಣಿಸುವುದಿಲ್ಲ.

ಮೊಬೈಲ್ ತರಬೇತಿಯಲ್ಲಿ ಈ ಸಮಸ್ಯೆ ಬೇರೆ ರೂಪ ತಾಳಿದೆ. ವಿಡಿಯೋ ನೋಡಿ, ಬಹು ಆಯ್ಕೆಯ ಪ್ರಶ್ನೆಗಳಿಗೆ ಉತ್ತರಿಸಿ, ನಿಗದಿತ ಅಂಕ ಪಡೆದರೆ ಪ್ರಮಾಣಪತ್ರ ದೊರೆಯುತ್ತದೆ. ತರಬೇತಿ ನೀಡಿದ ಯಂತ್ರವೇ ತರಬೇತಿಯ ಫಲವನ್ನೂ ದಾಖಲಿಸುತ್ತದೆ. ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಮುಗಿಸಿದರು, ಯಾವ ಜಿಲ್ಲೆ ಮುಂದಿದೆ ಎಂಬ ಅಂಕಿಗಳು ಕ್ಷಣಾರ್ಧದಲ್ಲಿ ಕೈಗೆ ಬರುತ್ತವೆ. ಈ ವೇಗವೇ ಒಂದು ಭ್ರಮೆಯನ್ನು ಹುಟ್ಟಿಸುತ್ತದೆ. ಮುಗಿಸಿದ್ದು ಕಲಿತದ್ದಾಗಿಯೂ, ಕಲಿತದ್ದು ತರಗತಿಯಲ್ಲಿ ಬಳಸಿದ್ದಾಗಿಯೂ ತೋರುತ್ತದೆ. ಅಂಗನವಾಡಿ ಕಾರ್ಯಕರ್ತೆಯ ಮಟ್ಟಿಗಂತೂ ಮೊಬೈಲ್ ಮುಖ್ಯವಾಗಿ ದಾಖಲೆ ತುಂಬುವ ಸಾಧನ. ಮಗುವಿನ ತೂಕ, ಎತ್ತರ, ಆಹಾರ ವಿತರಣೆಯ ವಿವರ ಅದರಿಂದ ಮೇಲಕ್ಕೆ ಹೋಗುತ್ತವೆ. ಆ ಮಗುವಿನೊಡನೆ ಯಾವ ಭಾಷೆಯಲ್ಲಿ ಮಾತು ಆರಂಭಿಸಬೇಕೆಂಬ ತಿಳಿವಳಿಕೆ ಅದೇ ದಾರಿಯಲ್ಲಿ ಕೆಳಕ್ಕೆ ಬರಬೇಕಾದುದು ಇನ್ನೂ ಬಹಳಷ್ಟಿದೆ.

೫. ಹಿಂದಿನ ಪ್ರಯೋಗದಿಂದ ಕಲಿಯಬೇಕಾದುದು

ಇಲ್ಲಿ ಸೈಟ್ ಪ್ರಯೋಗದ ಮೌಲ್ಯಮಾಪನದತ್ತ ಮತ್ತೆ ತಿರುಗಿ ನೋಡಬೇಕಾಗುತ್ತದೆ. ಆ ಕಾಲದ ಯಂತ್ರಗಳು ಇಂದಿಗೆ ಹಳೆಯವು. ಆದರೆ ಅದರ ಫಲವನ್ನು ಅರಿಯಲು ಕೈಗೊಂಡ ಕ್ರಮ ಇಂದಿಗೂ ಮಾದರಿಯಾಗಬಲ್ಲದು. ಪ್ರಸಾರದ ಮೊದಲು, ನಡುವೆ ಮತ್ತು ಕೊನೆಗೆ ಸಮೀಕ್ಷೆಗಳು ನಡೆದವು. ಅವಷ್ಟೇ ಸಾಲದೆಂದು ಬಿನೋದ್ ಸಿ. ಅಗರವಾಲ್ ಅವರ ನೇತೃತ್ವದಲ್ಲಿ ಮಾನವಶಾಸ್ತ್ರಜ್ಞರು ಆಯ್ದ ಹಳ್ಳಿಗಳಲ್ಲಿ ವಾಸವಾಗಿದ್ದು, ಯಾರು ಟಿ.ವಿ.ಯ ಮುಂದೆ ಕೂರುತ್ತಾರೆ, ಯಾರು ಕೂರುವುದಿಲ್ಲ, ನೋಡಿದ್ದರ ಬಗ್ಗೆ ಮನೆಯಲ್ಲಿ ಏನು ಮಾತಾಗುತ್ತದೆ ಎಂಬುದನ್ನು ಗಮನಿಸಿದರು. ಸ್ನೇಹಲತಾ ಶುಕ್ಲ ಮೊದಲಾದವರು ಶಾಲಾ ಮಕ್ಕಳ ಮೇಲಾದ ಪರಿಣಾಮವನ್ನು ಪ್ರತ್ಯೇಕವಾಗಿ ಅಧ್ಯಯನ ಮಾಡಿದರು. ಮಕ್ಕಳ ಭಾಷಾ ಸಾಮರ್ಥ್ಯದಲ್ಲಿ, ಹೊಸದನ್ನು ತಿಳಿಯುವ ಆಸಕ್ತಿಯಲ್ಲಿ ಪ್ರಯೋಜನ ಕಂಡಿತು. ದಾಖಲಾತಿ ಮತ್ತು ಶಾಲೆ ಬಿಡುವ ಪ್ರಮಾಣಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಗೆಲುವನ್ನೂ ಸೋಲನ್ನೂ ಒಟ್ಟಿಗೆ ದಾಖಲಿಸಿದ ಪ್ರಾಮಾಣಿಕತೆ ಆ ಅಧ್ಯಯನಗಳ ದೊಡ್ಡ ಗುಣ. ಯಂತ್ರ ದುರ್ಬಲವಾಗಿದ್ದ ಕಾಲದಲ್ಲಿ ಮೌಲ್ಯಮಾಪಕ ಹಳ್ಳಿಯಲ್ಲಿದ್ದ; ಯಂತ್ರ ಪ್ರಬಲವಾದ ಮೇಲೆ ಅವನು ಹಳ್ಳಿಯಿಂದ ದೂರವಾದ. ಐದು ದಶಕಗಳ ಈ ಚರಿತ್ರೆಯಲ್ಲಿ ಅತ್ಯಂತ ಚಿಂತನೀಯವಾದ ಸಂಗತಿ ಇದು.

ಎರಡನೆಯ ಪಾಠ ನಲಿ-ಕಲಿಯದು. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಈ ಕ್ರಮಕ್ಕೆ ಉಪಗ್ರಹದ ನೆರವಿರಲಿಲ್ಲ. ಜೇನುಕುರುಬರ ಹಾಡಿಗಳಿರುವ ಆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿಬಂದು, ತಾವೇ ಕುಳಿತು ಕಲಿಕೆಯ ಕಾರ್ಡುಗಳನ್ನು ರೂಪಿಸಿದರು. ತರಬೇತಿ ಪಡೆಯುವವರೇ ತರಬೇತಿಯ ವಸ್ತುವನ್ನು ಕಟ್ಟಿದ್ದರಿಂದ ಅದು ತರಗತಿಯಲ್ಲಿ ಬೇರೂರಿತು. ಆಸ್ಟ್ರೇಲಿಯಾದ ಉತ್ತರ ಪ್ರಾಂತದ ಬ್ಯಾಚಲರ್ ಸಂಸ್ಥೆಯೂ ೧೯೭೦ರ ದಶಕದ ಉತ್ತರಾರ್ಧದಲ್ಲಿ ಇದೇ ದಿಕ್ಕಿನಲ್ಲಿ ನಡೆಯಿತು. ದೂರದ ವಸತಿಗಳ ಮೂಲನಿವಾಸಿ ಶಿಕ್ಷಕರನ್ನು ನಗರಕ್ಕೆ ಕರೆಸುವ ಬದಲು ಅವರ ಊರುಗಳಲ್ಲಿಯೇ ಶಿಕ್ಷಣ ನೀಡುವ ವ್ಯವಸ್ಥೆಯನ್ನು ಅದು ರೂಪಿಸಿತು. ದೂರವನ್ನು ಗೆಲ್ಲಲು ಯಂತ್ರ ಬೇಕು. ಆದರೆ ಹತ್ತಿರದಲ್ಲೊಬ್ಬ ಮನುಷ್ಯ ಇರಲೇಬೇಕು ಎಂಬುದು ಇವೆರಡರ ತಾತ್ಪರ್ಯ.

೬. ಇಳಕಲ್ಲದ ಸಾಧ್ಯತೆ

ಬಾಗಲಕೋಟೆ ಜಿಲ್ಲೆಯ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಇರುವುದು ಜಿಲ್ಲಾಕೇಂದ್ರದಲ್ಲಲ್ಲ, ಇಳಕಲ್ಲದಲ್ಲಿ. ಇದನ್ನು ಅನುಕೂಲವೆಂದೇ ಭಾವಿಸಬೇಕು. ನೇಕಾರರ ಮತ್ತು ಕಲ್ಲುಗಣಿ ಕಾರ್ಮಿಕರ ಈ ಪಟ್ಟಣದಿಂದ ಹುನಗುಂದ, ಬಾದಾಮಿ ಭಾಗಗಳ ತಾಂಡಾಗಳಿಗೆ ಹೋಗಿಬರುವುದು ದುಸ್ತರವಲ್ಲ. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಸಿದ್ಧಪಡಿಸಿ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಹಾಸುಗಳೆರಡೂ ಎಷ್ಟೇ ಚೆನ್ನಾಗಿದ್ದರೂ ಕೊಂಡಿ ಸಡಿಲವಾದರೆ ಸೀರೆ ನಿಲ್ಲದು. ತಾಂಡಾದ ಶಿಕ್ಷಣ ಕಾರ್ಯಕರ್ತರ ಸ್ಥಾನವನ್ನು ವಿವರಿಸಲು ಈ ಪರಿಸರದಲ್ಲಿ ಇದಕ್ಕಿಂತ ತಕ್ಕ ಹೋಲಿಕೆಯನ್ನು ಹುಡುಕಬೇಕಿಲ್ಲ.

೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ ೫೦ ಗಂಟೆಗಳ ವೃತ್ತಿ ಬೆಳವಣಿಗೆಯ ಅವಕಾಶವಿರಬೇಕೆಂದೂ, ಆರಂಭಿಕ ಹಂತದಲ್ಲಿ ಮನೆಮಾತಿಗೆ ಸ್ಥಾನವಿರಬೇಕೆಂದೂ ಹೇಳಿದೆ. ಈ ಎರಡು ಮಾತುಗಳನ್ನು ಒಂದಕ್ಕೊಂದು ಜೋಡಿಸಿ ನೋಡುವುದು ಅಗತ್ಯ. ಆ ಐವತ್ತು ಗಂಟೆಗಳಲ್ಲಿ ಕೆಲವನ್ನಾದರೂ ತಾಂಡಾದ ಮಗುವಿನ ಭಾಷೆಗೆ ಮೀಸಲಿಟ್ಟು, ಗೋರಬೋಲಿ ಬಲ್ಲ ಅಂಗನವಾಡಿ ಕಾರ್ಯಕರ್ತೆಯರನ್ನೂ ಶಿಕ್ಷಕರನ್ನೂ ಸಂಪನ್ಮೂಲ ವ್ಯಕ್ತಿಗಳನ್ನಾಗಿ ಕೂರಿಸಬಹುದು. ಅವರು ತಮ್ಮ ತರಗತಿಯ ಮಾತುಕತೆಯನ್ನು ಮೊಬೈಲಿನಲ್ಲಿ ಮುದ್ರಿಸಿ ತಂದರೆ ಅದೇ ತರಬೇತಿಯ ಪಠ್ಯವಾದೀತು. ಆಗ ತಂತ್ರಜ್ಞಾನದ ಹರಿವು ಮೇಲಿನಿಂದ ಕೆಳಕ್ಕೆ ಮಾತ್ರವಲ್ಲ, ಕೆಳಗಿನಿಂದ ಮೇಲಕ್ಕೂ ಸಾಗುತ್ತದೆ.

೭. ಉಪಸಂಹಾರ

ಮೇಲಿನ ಚರ್ಚೆಯಿಂದ, ಇಂಥ ತರಬೇತಿಗಳ ಮೌಲ್ಯಮಾಪನ ಕೇಳಿಕೊಳ್ಳಬೇಕಾದ ಕೆಲವು ಪ್ರಶ್ನೆಗಳು ಹೊರಡುತ್ತವೆ. ತರಬೇತಿಯ ವಿಷಯವನ್ನು ಆಯ್ದವರು ಯಾರು, ಅದರಲ್ಲಿ ಕಾರ್ಯಕರ್ತರ ಪಾಲೆಷ್ಟು? ಮನೆಮಾತು ಬೇರೆಯಾದ ಮಕ್ಕಳ ಬಗೆಗೆ ಅದರಲ್ಲಿ ಎಷ್ಟು ಗಂಟೆಯ ಪಾಠವಿದೆ? ಕೇಳಲಾಗದೆ ಉಳಿದ ಪ್ರಶ್ನೆಗಳನ್ನು ದಾಖಲಿಸುವ ಏರ್ಪಾಡಿದೆಯೇ? ತರಬೇತಿ ಮುಗಿದ ಮೂರು ತಿಂಗಳ ಮೇಲೆ ಯಾರಾದರೂ ತರಗತಿಯಲ್ಲಿ ಕುಳಿತು ನೋಡಿದರೇ? ನೋಡಿದವರಿಗೆ ಆ ಮಕ್ಕಳ ಭಾಷೆ ತಿಳಿದಿತ್ತೇ? ತಾಂಡಾ ಬರಿದಾಗುವ ತಿಂಗಳುಗಳನ್ನು ಗಮನಿಸಿ ಈ ಭೇಟಿಗಳನ್ನು ನಿಗದಿಪಡಿಸಲಾಗಿತ್ತೇ?

ಇವುಗಳಿಗೆ ಉತ್ತರ ದೊರಕಿಸಲು ಹೊಸ ಉಪಗ್ರಹವಾಗಲಿ ಹೊಸ ಆ್ಯಪ್ ಆಗಲಿ ಬೇಕಿಲ್ಲ. ತರಗತಿಯ ಹಿಂದಿನ ಸಾಲಿನಲ್ಲಿ ಕೆಲವು ದಿನ ತಾಳ್ಮೆಯಿಂದ ಕೂರುವ ಅಧ್ಯಯನಕಾರರು ಬೇಕು. ಒಂದನೆಯ ತರಗತಿಗೆ ಸೇರಿದ ತಾಂಡಾದ ಹುಡುಗಿಯೊಬ್ಬಳು ‘ಪಾಣಿ’ ಎಂದಾಗ ಶಿಕ್ಷಕಿ ಅದನ್ನು ತಪ್ಪೆನ್ನದೆ, ‘ಹೌದು, ಪಾಣಿ, ನಾವು ಅದಕ್ಕೆ ನೀರು ಅಂತೀವಿ’ ಎಂದು ಮಾತು ಮುಂದುವರಿಸಿದರೆ ತರಬೇತಿ ಫಲಿಸಿತೆಂದು ಹೇಳಬಹುದು. ಆ ಗಳಿಗೆಯನ್ನು ಗುರುತಿಸಲಾರದ ಮೌಲ್ಯಮಾಪನ, ಎಷ್ಟೇ ಅಂಕಿಅಂಶಗಳಿಂದ ಕೂಡಿದ್ದರೂ, ಅಪೂರ್ಣವೇ ಸರಿ.